ಸಿದ್ದಲಿಂಗಮ್ಮ ಮೈಕು ಹಿಡಿದ ದಿನ

ಹೊಳೆಯಲ್ಲಿ ಹೆಣ ತೇಲಿಬಂದರೆ ಪೊಲೀಸರು ಬರುವ ತನಕ ಅದರ ಪಕ್ಕ ಕೂತು ಕಾಯುವುದು ಸಿದ್ದಲಿಂಗಮ್ಮನ ಕೆಲಸ. ನೋಟೀಸು ಹಂಚುವುದು, ಜಮೀನು ಅಳೆಯುವವರು ಬಂದರೆ ಟೇಪಿನ ತುದಿ ಹಿಡಿಯುವುದು, ಪಿಂಚಣಿಯ ಮುದುಕಿಯರನ್ನು ಚಾವಡಿಗೆ ಕರೆತರುವುದು, ಇವೂ ಅವಳ ಕೆಲಸಗಳೇ. ಆದರೆ ಅವಳ ಮೈಗೆ ಅಂಟಿಕೊಂಡಿದ್ದು ಹೆಣ ಕಾಯುವುದೊಂದೇ. ಶ್ರೀರಂಗಪಟ್ಟಣ ತಾಲ್ಲೂಕಿನ ಹೊಳೆಕೊಪ್ಪಲಿನ ಹತ್ತಿರ ಕಾವೇರಿ ಬಾಗಿ ಹರಿಯುತ್ತದೆ. ಮೇಲೆಲ್ಲೋ ನೀರಿಗೆ ಬಿದ್ದವರು ಆ ಬಾಗಿನ ಜೊಂಡಿನಲ್ಲಿ ಬಂದು ಸಿಕ್ಕಿಕೊಳ್ಳುತ್ತಾರೆ. ಒಂಬತ್ತು ವರ್ಷದ ಚಾಕರಿಯಲ್ಲಿ ಅವಳು ಏಳು ಹೆಣ ಕಾದಿದ್ದಳು. ಎರಡು ದಿನ ನೀರಿನಲ್ಲಿದ್ದ ಮುಖ ಹೇಗಾಗಿರುತ್ತದೆ ಎಂದು ಊರಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ.

ಅವಳು ಹುಟ್ಟಿದ್ದು ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯಲ್ಲಿ. ಅಲ್ಲಿ ಕಂಡಿದ್ದ ನೀರೆಂದರೆ ಕೆರೆಯದು, ಬಾವಿಯದು. ಇದ್ದಲ್ಲೇ ಇರುವ ನೀರು. ಹದಿನೆಂಟಕ್ಕೆ ಮದುವೆಯಾಗಿ ಹೊಳೆಕೊಪ್ಪಲಿಗೆ ಬಂದಾಗ ಹಿತ್ತಲ ಬೇಲಿಯಾಚೆ ಹೊಳೆ ಹರಿಯುವುದನ್ನು ಕಂಡು ಎದೆ ಝಲ್ಲೆಂದಿತ್ತು. ಊರಿನ ಹೆಂಗಸರೆಲ್ಲ ಹೊಳೆಯಲ್ಲೇ ಬಟ್ಟೆ ಒಗೆದರೆ, ಇವಳು ಮೂವತ್ತೈದು ವರ್ಷ ನಲ್ಲಿ ಕಟ್ಟೆಯ ಮೇಲೆಯೇ ಒಗೆದಳು. ಈಜು ಬಾರದು, ತೆಪ್ಪಕ್ಕೆ ಕಾಲಿಟ್ಟವಳಲ್ಲ. ಗಂಡ ದ್ಯಾವಯ್ಯ ಊರಿನ ಗ್ರಾಮ ಸಹಾಯಕನಾಗಿದ್ದ. ಅವನು ಕಾಮಾಲೆಯಾಗಿ ತೀರಿಕೊಂಡ ಮೇಲೆ ಆ ಕೆಲಸ ಇವಳಿಗೆ ಬಂತು, ಅದರ ಜೊತೆಗೆ ಹೊಳೆಯೂ ಬಂತು. ಒಬ್ಬಳೇ ಮಗಳು ಪ್ರಿಯಾಂಕ ನರ್ಸಿಂಗ್ ಓದಿ ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ನಾಗಮಂಗಲ ತಾಲ್ಲೂಕಿನಲ್ಲಿ ಮದುವೆಯಾಗಿ ನಿಂತಿದ್ದಳು.

ಇದು ನಡೆದದ್ದು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ. ಕೊಡಗಿನ ಕಡೆ ವಾರವೆಲ್ಲ ಮಳೆ ಹೊಡೆದು ಕನ್ನಂಬಾಡಿ ಕಟ್ಟೆ ತುಂಬಿತ್ತು. ಸಂಜೆಯಿಂದ ಹೆಚ್ಚು ನೀರು ಬಿಡುತ್ತಾರೆ, ಹೊಳೆ ಬದಿಗೆ ಯಾರೂ ಇಳಿಯಬೇಡಿ ಎಂಬ ನೋಟೀಸನ್ನು ಹಿಂದಿನ ದಿನವೇ ಸಿದ್ದಲಿಂಗಮ್ಮ ಮನೆಮನೆಗೂ ಹೇಳಿ ಬಂದಿದ್ದಳು. ಬೆಳಿಗ್ಗೆ ಹೊಳೆ ಇನ್ನೂ ದಡದೊಳಗೇ ಇತ್ತು. ಕೆಂಬಣ್ಣದ ನೀರು, ನಡುವೆ ಮರದ ದಿಮ್ಮಿಗಳು. ಊರಿನ ಲೆಕ್ಕಿಗ ಹುದ್ದೆಯಲ್ಲಿದ್ದ ಪವಿತ್ರ ಮೇಡಂ ತಾಲ್ಲೂಕು ಆಫೀಸಿನ ಮೀಟಿಂಗಿಗೆ ಹೋಗಿದ್ದರು. ಸಿದ್ದಲಿಂಗಮ್ಮ ಒಬ್ಬಳೇ ಚಾವಡಿಯ ಕಸ ಗುಡಿಸುತ್ತಿದ್ದಳು. ಗಂಟೆ ಹತ್ತೂವರೆ ಇರಬಹುದು.

ಮೊದಲು ‘ಢಮ್’ ಎಂಬ ಸದ್ದು ಬಂತು. ಆ ಕಡೆಯವರಿಗೆ ಇದು ಹೊಸದಲ್ಲ. ಗುಡ್ಡದ ಕ್ವಾರಿಗಳಲ್ಲಿ ಕಲ್ಲು ಸಿಡಿಸಿದರೆ ಕಿಟಕಿ ಅದುರುವುದುಂಟು. ಅವಳು ತಲೆ ಕೂಡ ಎತ್ತಲಿಲ್ಲ. ಆದರೆ ಕಲ್ಲು ಸಿಡಿಸಿದ್ದಾದರೆ ಅದುರಿ ನಿಲ್ಲಬೇಕಿತ್ತು, ಇದು ನಿಲ್ಲಲಿಲ್ಲ. ಕಾಲ ಕೆಳಗಿನ ನೆಲ ಮೆಲ್ಲಗೆ, ಗಾಡಿಯ ಮೇಲೆ ನಿಂತಂತೆ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಯಿತು. ಕಬ್ಬಿಣದ ಬೀರು ಗೋಡೆಗೆ ಟಕಟಕ ಬಡಿಯಿತು. ಮೇಲಿಟ್ಟಿದ್ದ ಹಳೇ ಕಡತದ ಗಂಟು ಧೊಪ್ಪನೆ ಬಿತ್ತು. ಮೂಲೆಯ ಡ್ರಮ್ಮಿನ ನೀರು ಅಂಚು ಮೀರಿ ಚೆಲ್ಲಿತು. ಪೊರಕೆ ಹಿಡಿದ ಕೈ ಹಾಗೇ ನಿಂತಿತು. ‘ಇದು ಕ್ವಾರಿಯಲ್ಲ’ ಎಂದು ಹೊಳೆಯುವ ಹೊತ್ತಿಗೆ ಅವಳು ಬಾಗಿಲಾಚೆ ಬಂದು ಅರಳಿಕಟ್ಟೆ ಹಿಡಿದುಕೊಂಡಿದ್ದಳು. ಹೊಳೆ ಬದಿಯ ಮರಗಳಿಂದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಊರಿನ ನಾಯಿಗಳೆಲ್ಲ ಬೊಗಳತೊಡಗಿ, ಆಮೇಲೆ ಎಲ್ಲವೂ ಒಮ್ಮೆಲೇ ಸುಮ್ಮನಾದವು. ನಾಯಿಗಳು ಸುಮ್ಮನಾದದ್ದೇ ಅವಳಿಗೆ ಹೆಚ್ಚು ಭಯ ತಂದಿತು.

ಆಮೇಲೆ ಜನ ಬೀದಿಗೆ ಬಂದರು. ಒಬ್ಬರ ಮನೆಯ ಹೆಂಚು ಜಾರಿತ್ತು, ಇನ್ನೊಬ್ಬರ ಕೊಟ್ಟಿಗೆಯ ಮಣ್ಣುಗೋಡೆ ಬಿರಿದಿತ್ತು. ಅಷ್ಟರಲ್ಲಿ ಫೋನುಗಳು ಶುರುವಾದವು. ಯಾರದೋ ಮೊಬೈಲಿನಲ್ಲಿ ಒಬ್ಬ ಗಂಡಸು ಉಸಿರು ಕಟ್ಟಿದವನಂತೆ ಹೇಳುತ್ತಿದ್ದ: “ಕಟ್ಟೆ ಬಿರುಕು ಬುಟ್ಟದೆ, ಇನ್ನರ್ಧ ಗಂಟೇಲಿ ನೀರು ಬಂದ್ಬುಡ್ತದೆ, ಹೊಳೆ ಸಾಲಿನವ್ರೆಲ್ಲ ಜಾಗ ಖಾಲಿ ಮಾಡಿ.” ಯಾರವನು, ಎಲ್ಲಿಂದ ಮಾತಾಡಿದ, ಯಾರಿಗೂ ಗೊತ್ತಿರಲಿಲ್ಲ. ಐದೇ ನಿಮಿಷದಲ್ಲಿ ಅದೇ ದನಿ ಮನೆಮನೆಯಿಂದ ಕೇಳತೊಡಗಿತು.

ಸಿದ್ದಲಿಂಗಮ್ಮ ಪವಿತ್ರ ಮೇಡಂಗೆ ಫೋನು ಮಾಡಿದಳು. ಎಂಗೇಜು. ಮತ್ತೆ ಮಾಡಿದಳು. ನಾಲ್ಕನೇ ಸಲ ಸಿಕ್ಕಿತು.

“ಮೇಡಮ್ಮೋರೆ, ಭೂಮಿ ಅದುರ್ತು. ಕಟ್ಟೆ...”

“ಸಿದ್ದಲಿಂಗಮ್ಮ, ಇಲ್ಲೂ ಅದುರ್ತು. ಕಟ್ಟೆ ವಿಚಾರ ಕೇಳ್ತಾ ಇದೀವಿ, ಇನ್ನೂ...” ಅಷ್ಟೇ. ಲೈನು ಕಡಿಯಿತು. ಆಮೇಲೆ ಹತ್ತು ಸಲ ಒತ್ತಿದರೂ ಆ ಕಡೆ ಸದ್ದೇ ಇಲ್ಲ.

ಕೈಯಲ್ಲಿದ್ದಂತೆಯೇ ಫೋನು ಗುಣುಗಿತು. ಮಗಳು ಪ್ರಿಯಾಂಕ.

“ಅವ್ವ, ಎಲ್ಲಿದ್ದೀ? ಇಲ್ಲೆಲ್ಲ ಕಟ್ಟೆ ಒಡದೋಯ್ತು ಅಂತಾವ್ರೆ. ನೀನು ಮೊದ್ಲು ದಿಣ್ಣೆಗೆ ಅತ್ತು. ಯಾರ್ಗೂ ಕಾಯ್ಬೇಡ.”

“ಆಯ್ತು ಕಣವ್ವ.”

“ಆಯ್ತು ಅನ್ಬೇಡ. ಈಗ್ಲೇ ಓಗು. ನಿಂಗೆ ಈಜು ಬರಕಿಲ್ಲ ಕಣವ್ವ.” ಮಗಳು ಅಳುತ್ತಿದ್ದಳು. ಹಿಂದೆ ಆಸ್ಪತ್ರೆಯ ಗಂಟೆಯ ಸದ್ದು. ಆ ಕರೆಯೂ ಕಡಿಯಿತು.

ಸಿದ್ದಲಿಂಗಮ್ಮನ ಕಾಲು ದಿಣ್ಣೆಯ ಕಡೆಗೇ ಎಳೆಯುತ್ತಿತ್ತು. ಊರಿನ ತೆಂಕಲಿಗೆ ಹೊಳೆ. ಬಡಗಲಿಗೆ ನಾಲೆ ದಾಟಿದರೆ ದಿಣ್ಣೆ, ದಿಣ್ಣೆಯ ಮೇಲೆ ಹೈಸ್ಕೂಲು. ನಡೆದರೆ ಹದಿನೈದು ನಿಮಿಷ. ಅವಳು ನಾಲ್ಕು ಹೆಜ್ಜೆ ಆ ಕಡೆಗೆ ಇಟ್ಟಳು ಕೂಡ. ಆಗಲೇ ಮೇಲಿನ ಬೀದಿಯಲ್ಲಿ ಯಾರೋ ಟ್ರಾಕ್ಟರು ಶುರು ಮಾಡಿದ ಸದ್ದು ಕೇಳಿತು. ಅವಳು ನಿಂತುಬಿಟ್ಟಳು.

ಗಂಡ ಬದುಕಿದ್ದಾಗಲೂ ಒಮ್ಮೆ ಹೀಗಾಗಿತ್ತು. ಕಟ್ಟೆಯ ಬಾಗಿಲು ಕಿತ್ತುಹೋಯಿತಂತೆ ಎಂದು ಪೇಟೆಯಿಂದ ಬಂದ ಯಾರೋ ಹೇಳಿದ್ದನ್ನು ನಂಬಿ ದ್ಯಾವಯ್ಯ ತಮಟೆ ಬಡಿದು ಸಾರಿದ್ದ. ಜನ ಟ್ರಾಕ್ಟರು ಟ್ರೇಲರುಗಳಿಗೆ ಮುಗಿಬಿದ್ದರು. ನಾಲೆ ಸೇತುವೆಯ ತಿರುವಿನಲ್ಲಿ ಒಂದು ಟ್ರೇಲರು ಮಗುಚಿ ಪುಟ್ಟಗೌರಮ್ಮ ಎಂಬ ಬಸುರಿ ಹೆಂಗಸು ಅಡಿಯಲ್ಲಿ ಸಿಕ್ಕಿ ಸತ್ತಳು. ಬಾಗಿಲು ಕಿತ್ತಿರಲಿಲ್ಲ, ನೀರು ಬರಲಿಲ್ಲ. ಊರಿನವರು ಎದುರಿಗೆ ಏನೂ ಅನ್ನಲಿಲ್ಲ. ಆದರೆ ದ್ಯಾವಯ್ಯ ಆಮೇಲೆ ಸಾಯುವ ತನಕ ನಾಲೆ ಸೇತುವೆಯ ಮೇಲೆ ತಲೆ ಎತ್ತಿ ನಡೆಯಲಿಲ್ಲ.

ಈಗ ಸಾರಿದರೆ ಸುಳ್ಳಾಗಬಹುದು. ಸಾರದಿದ್ದರೆ ನಿಜವಾಗಬಹುದು. ಅವಳಿಗೆ ಎರಡರ ಭಯವೂ ಒಟ್ಟಿಗೇ ಇತ್ತು. ಕೆಳಗಿನ ಬೀದಿಯಲ್ಲಿ ನಲವತ್ತು ಮನೆ. ದುಡಿಯುವವರು ಹೊಲದಲ್ಲಿ, ಮನೆಗಳಲ್ಲಿ ಮುದುಕರು, ಚಿಕ್ಕ ಮಕ್ಕಳು. ಅವಳು ಕಾದಿದ್ದ ಏಳು ಹೆಣಗಳಲ್ಲಿ ಒಂದು ನಾಲ್ಕು ವರ್ಷದ ಹುಡುಗಿಯದು. ಆ ಮಗುವಿನ ಮುಷ್ಟಿಯಲ್ಲಿ ಜೊಂಡಿನ ಎಸಳು ಸಿಕ್ಕಿಕೊಂಡಿತ್ತು, ಬಿಡಿಸಲು ಆಗಿರಲಿಲ್ಲ.

ಅಷ್ಟರಲ್ಲಿ ಪಂಚಾಯಿತಿಯ ಕಸದ ಆಟೋ ಎದುರಿಗೆ ಬಂತು. ಓಡಿಸುವವಳು ಮೇಘನ, ಇದೇ ಊರಿನ ಹುಡುಗಿ, ತರಬೇತಿ ಪಡೆದು ಆರು ತಿಂಗಳಿಂದ ಆ ಗಾಡಿ ಓಡಿಸುತ್ತಿದ್ದಳು. ಹಸಿ ಕಸ ಒಣ ಕಸದ ಹಾಡು ಇನ್ನೂ ಹಾಡುತ್ತಲೇ ಇತ್ತು; ಅದನ್ನು ನಿಲ್ಲಿಸುವುದನ್ನೇ ಅವಳು ಮರೆತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ದೊಡ್ಡವ್ವ, ಅತ್ತು ಗಾಡಿಗೆ. ಓಗ್ಬುಡನ.”

“ಮೈಕದಲ್ಲ ನಿನ್ನ ಗಾಡೀಲಿ? ಹಾಡು ನಿಲ್ಸು ಕಣಮ್ಮಿ.”

ಮೇಘನ ಹಾಡು ನಿಲ್ಲಿಸಿ ಮೈಕು ಕೊಟ್ಟಳು. ಸಿದ್ದಲಿಂಗಮ್ಮ ಅದನ್ನು ಜೀವಮಾನದಲ್ಲಿ ಹಿಡಿದವಳಲ್ಲ. ತೀರಾ ಹತ್ತಿರ ತಂದದ್ದಕ್ಕೆ ಮೈಕು ಹಲ್ಲಿಗೆ ತಗುಲಿತು. ಏನು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಬಾಯಿ ತೆರೆದಾಗ ಇದ್ದದ್ದು ಇದ್ದಂತೆಯೇ ಬಂತು.

“ಎಲ್ರೂ ಕೇಳುಸ್ಕಳಿ. ನಾನು ಚಾವಡಿ ಸಿದ್ದಲಿಂಗಮ್ಮ. ಭೂಮಿ ಅದುರುದ್ದು ನಿಮ್ಗೂ ಗೊತ್ತು. ಕಟ್ಟೆ ಒಡದದೆ ಅಂತ ಫೋನ್ಗೆ ಬತ್ತಾ ಅದೆ. ಅದು ದಿಟವೋ ಸುಳ್ಳೋ ನಂಗೊತ್ತಿಲ್ಲ. ಆಫೀಸಿನವ್ರು ಇನ್ನೂ ಏನೂ ಯೋಳಿಲ್ಲ. ಗೊತ್ತಾಗೋಗಂಟ ಕೆಳಗಲ ಬೀದಿಯವ್ರು ದಿಣ್ಣೆ ಮ್ಯಾಗಳ ಇಸ್ಕೂಲ್ಗೆ ನಡ್ಕಂಡು ಬನ್ನಿ. ಟ್ರಾಕ್ಟರು ತಗೀಬೇಡಿ. ಸೇತುವೆ ಮ್ಯಾಲೆ ಓಡ್ಬೇಡಿ. ಐಕಳ್ನ ಮುಂದೆ ಬುಡಿ.”

ಇದನ್ನೇ ಮೂರು ಸಲ ಹೇಳಿದಳು. ಗಾಡಿ ಹೆಜ್ಜೆ ಹಾಕುವಷ್ಟು ನಿಧಾನವಾಗಿ ಕೆಳಗಿನ ಬೀದಿಗೆ ಇಳಿಯಿತು. ‘ನಂಗೊತ್ತಿಲ್ಲ’ ಎಂಬ ಮಾತು ಕೇಳಿ ಕೆಲವರು ಸಿಟ್ಟಾದರು. “ಗೊತ್ತಿಲ್ದಿದ್ರೆ ಯಾಕ್ ಕೂಗ್ತಾ ಇದೀಯೆ?” ಎಂದು ಒಬ್ಬ ಜಗಲಿಯಿಂದಲೇ ಗದರಿದ. ಆದರೆ ಹೆಂಗಸರು ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು ಹೊರಟರು. ಒಬ್ಬರು ಹೊರಟದ್ದು ನೋಡಿ ಇನ್ನೊಬ್ಬರು. ಹಸುಗಳ ಹಗ್ಗ ಬಿಚ್ಚಿದರು. ಮೇಲಿನ ಬೀದಿಯ ಟ್ರಾಕ್ಟರಿನ ಸದ್ದು ನಿಂತಿತು. ಯಾರೋ ಹಿರಿಯರು ತಡೆದಿರಬೇಕು.

ಬೀದಿಯ ಕೊನೆಯ ಮನೆಯಲ್ಲಿ ಮಾಯಮ್ಮ ಎಂಬ ಮುದುಕಿ, ಕಣ್ಣು ಮಂಜು. ಹೊಸ್ತಿಲ ಮೇಲೆ ಕೂತಿದ್ದವಳು ಏಳಲೊಲ್ಲಳು.

“ಕಸದ ಗಾಡೀಲಿ ನನ್ನ ಎತ್ತಾಕಂಡೋಯ್ತಿಯೇನೆ?”

“ಊಂ, ಒಣ ಕಸದ ಕಡೆ ಕೂರುಸ್ತೀನಿ, ಏಳವ್ವ.”

ಇಬ್ಬರೂ ಸೇರಿ ಅವಳನ್ನು ಎತ್ತಿ ಹಿಂದೆ ಕೂರಿಸಿದರು. ಗೋಣಿಚೀಲವೊಂದನ್ನು ಬೆನ್ನಿಗೆ ಕೊಟ್ಟರು. ಮುದುಕಿ ಗೊಣಗುತ್ತಲೇ ಇದ್ದಳು. ಸಿದ್ದಲಿಂಗಮ್ಮ ಹಾಗೇ ತಾನೂ ಹತ್ತಿ ಹೋಗಿಬಿಡಬಹುದಿತ್ತು. ‘ಇನ್ನರ್ಧ ಗಂಟೆ’ ಎಂದ ಆ ಫೋನು ಬಂದು ಇಪ್ಪತ್ತು ನಿಮಿಷ ದಾಟಿತ್ತು. ಆಗ ಮಾಯಮ್ಮ ಕೇಳಿದಳು: “ಶಿವಣ್ಣ, ಅವ್ನ ಹೆಂಡ್ತಿ ಬಂದ್ರಾ? ಬೆಳಗ್ಗೆ ಗಡ್ಡೆಗೆ ಓದ ಸದ್ದು ಕೇಳ್ತು.”

ಊರ ಮುಂದೆ ಹೊಳೆಯ ನಡುವೆ ಒಂದು ನಡುಗಡ್ಡೆ. ಅಲ್ಲಿ ಶಿವಣ್ಣನಿಗೆ ಎರಡೆಕರೆ ಬಾಳೆತೋಟ, ಒಂದು ಪಂಪ್‌ಸೆಟ್ಟು. ಸಂಜೆ ನೀರು ಹೆಚ್ಚಾಗುತ್ತದೆಂದು ಮೋಟರು ಬಿಚ್ಚಿ ತರಲು ಗಂಡ ಹೆಂಡತಿ ಬೆಳಿಗ್ಗೆಯೇ ತೆಪ್ಪದಲ್ಲಿ ಹೋಗಿದ್ದರು. ಹೆಂಡತಿ ಚಿಕ್ಕಬೋರಮ್ಮನಿಗೆ ಮಂಡಿ ನೋವು, ಕೋಲಿಲ್ಲದೆ ನಡೆಯಲಾರಳು. ಅವರನ್ನು ಅಲ್ಲಿ ಇಳಿಸಿ ತೆಪ್ಪದ ತಿಮ್ಮರಾಜು ಊಟಕ್ಕೆಂದು ಈ ದಡಕ್ಕೆ ವಾಪಸು ಬಂದಿದ್ದ.

ಮಾಯಮ್ಮನನ್ನು ಮೇಘನಳ ಜೊತೆ ಕಳಿಸಿ ಸಿದ್ದಲಿಂಗಮ್ಮ ಹೊಳೆಯ ಕಡೆಗೆ ಇಳಿದಳು. ಹಿಂದೆ ಜನ ಮೇಲಕ್ಕೆ ಹೋಗುತ್ತಿದ್ದರೆ ಇವಳೊಬ್ಬಳೇ ಕೆಳಕ್ಕೆ. ಬೀದಿ ಖಾಲಿಯಾಗಿ ತನ್ನ ಚಪ್ಪಲಿಯ ಸದ್ದು ತನಗೇ ದೊಡ್ಡದಾಗಿ ಕೇಳುತ್ತಿತ್ತು. ದಡದಲ್ಲಿ ತಿಮ್ಮರಾಜು ತೆಪ್ಪವನ್ನು ನೀರಿನಿಂದ ಮೇಲಕ್ಕೆ ಎಳೆದು ಕಟ್ಟುತ್ತಿದ್ದ.

“ತಿಮ್ಮ, ಗಡ್ಡೆ ಮ್ಯಾಲೆ ಶಿವಣ್ಣಗೌಡ್ರು ಅವ್ರಲ್ಲ.”

ಅವನು ತಲೆ ಎತ್ತಲಿಲ್ಲ. “ಗೊತ್ತು ಕಣಕ್ಕ.”

“ಮತ್ತೆ?”

“ನಂಗೂ ಎರಡು ಐಕಳವೆ. ನಡ್ನೀರಲ್ಲಿದ್ದಾಗ ಬಂದ್ಬುಟ್ರೆ? ಆ ನೀರು ಬಂದ್ರೆ ತೆಪ್ಪ ಅಲ್ಲ, ತೆಂಗಿನ ಮರಾನೂ ನಿಲ್ಲಕಿಲ್ಲ.” ಅವನ ಕೈ ಹಗ್ಗದ ಗಂಟನ್ನು ಹಾಕುತ್ತಿತ್ತು, ಬಿಚ್ಚುತ್ತಿತ್ತು. “ಒಬ್ನೇ ಓಗಾಕೆ ನಂಗೆ ಧೈರ್ಯ ಸಾಲ್ದು ಅಕ್ಕ. ಆ ಯಮ್ಮನ್ನ ಎತ್ತಿ ಕೂರ್ಸಕ್ಕೂ ಇನ್ನೊಂದ್ ಜನ ಬೇಕು.”

ಅವಳು ಹೊಳೆಯನ್ನು ನೋಡಿದಳು. ಕೆಂಪು ನೀರು ಸುಳಿ ತಿರುಗುತ್ತಾ ಹರಿಯುತ್ತಿತ್ತು. ಮೇಲಿನ ಬಾಗಿನಾಚೆ ಏನಿದೆ ಎಂದು ಕಾಣುತ್ತಿರಲಿಲ್ಲ.

“ನಾ ಬತ್ತೀನಿ, ಎಳಿ ತೆಪ್ಪವ.”

ತಿಮ್ಮರಾಜು ಅವಳ ಮುಖ ನೋಡಿದ. ಊರಿಗೆಲ್ಲ ಗೊತ್ತು, ಅವಳು ಹೊಳೆಗೆ ಪಾದ ಕೂಡ ತಾಗಿಸದವಳು. ಅವನು ತೆಪ್ಪ ನೀರಿಗೆ ಇಳಿಸಿ, ಅವಳ ಮೊಣಕೈ ಹಿಡಿದು ಒಳಗೆ ಕೂರಿಸಿದ.

ತೆಪ್ಪ ತಿರುಗುತ್ತಾ ಹೊರಟಿತು. ಸಿದ್ದಲಿಂಗಮ್ಮ ಎರಡೂ ಕೈಯಲ್ಲಿ ಅಂಚಿನ ಬಿದಿರು ಹಿಡಿದು ಕಣ್ಣು ಮುಚ್ಚಿದಳು. ಮುಚ್ಚಿದರೆ ಭಯ ಹೆಚ್ಚಾಯಿತು, ತೆರೆದಳು. ಚರ್ಮದಂಥ ತೆಳುವಾದ ತಳದ ಕೆಳಗೆ ನೀರು ಉಬ್ಬುವುದು ತಗ್ಗುವುದು ತೊಡೆಗೆ ತಿಳಿಯುತ್ತಿತ್ತು. ಅವಳು ಕಾದ ಹೆಣಗಳೆಲ್ಲ ಈ ನೀರಿನಲ್ಲೇ ಬಂದವಲ್ಲವೇ. ಕಿವಿ ಮಾತ್ರ ಮೇಲಿನ ಬಾಗಿನ ಕಡೆಗೇ ಇತ್ತು. ಗಾಳಿ ಬಾಳೆಯೆಲೆಗೆ ಬಡಿದರೂ ನೀರಿನ ಗೋಡೆ ಬಂತೇ ಅನ್ನಿಸುತ್ತಿತ್ತು. ತಿಮ್ಮರಾಜು ಹುಟ್ಟು ಹಾಕುತ್ತಾ ದೇವರ ಹೆಸರನ್ನೋ ಮಕ್ಕಳ ಹೆಸರನ್ನೋ ಸಣ್ಣಗೆ ಹೇಳಿಕೊಳ್ಳುತ್ತಿದ್ದ.

ಗಡ್ಡೆಯ ಮೇಲೆ ಶಿವಣ್ಣ ನಿರುಮ್ಮಳವಾಗಿ ಮೋಟರಿನ ಬೋಲ್ಟು ಬಿಚ್ಚುತ್ತಿದ್ದ. ಅದುರಿದ್ದನ್ನು ಅವನು ಕ್ವಾರಿ ಸದ್ದೆಂದೇ ತಿಳಿದಿದ್ದ. ಫೋನು ಊರಿನಲ್ಲೇ ಬಿಟ್ಟು ಬಂದಿದ್ದ.

“ಯಾಕ್ ಸಿದ್ದಲಿಂಗಿ, ನೀನು ತೆಪ್ಪದಲ್ಲಿ?”

“ಗೌಡ್ರೆ, ಮೋಟ್ರು ಬುಡಿ. ಅವ್ವೋರ್ನ ಎತ್ಕಳಿ. ಮಾತು ದಡದಲ್ಲಾಡನ.”

“ಇನ್ನೆರಡೇ ಬೋಲ್ಟು ಕಣೆ.”

ಅವಳು ಉತ್ತರ ಕೊಡುವ ಮೊದಲೇ ನೆಲ ಮತ್ತೆ ಅದುರಿತು. ಮೊದಲಿನದಕ್ಕಿಂತ ಸಣ್ಣದು, ಆದರೆ ಇಲ್ಲಿ ಕಾಲ ಕೆಳಗೆ ಇದ್ದದ್ದು ಬರೀ ಮರಳು ಮಣ್ಣು. ಬಾಳೆಗಳೆಲ್ಲ ಗಾಳಿಯಿಲ್ಲದೆ ತಲೆದೂಗಿದವು. ಹೊಳೆಯ ಮೇಲ್ಮೈ ಒಂದೇ ಸಮ ಮುಳ್ಳುಮುಳ್ಳಾಗಿ ಎದ್ದಿತು, ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ಗಡ್ಡೆಯ ಅಂಚಿನಲ್ಲಿ ಒಂದು ಹಾಸಿಗೆಯಷ್ಟಗಲ ಮಣ್ಣು ಬಾಳೆಗಿಡದ ಸಮೇತ ಜಾರಿ ನೀರಿನಲ್ಲಿ ಮಾಯವಾಯಿತು. ಶಿವಣ್ಣನ ಕೈಯಿಂದ ಸ್ಪ್ಯಾನರು ಬಿತ್ತು. ಅವನು ಮತ್ತೆ ಅದನ್ನು ಹುಡುಕಲಿಲ್ಲ.

ಚಿಕ್ಕಬೋರಮ್ಮನನ್ನು ಮೂವರೂ ಸೇರಿ ಎತ್ತಿ ತೆಪ್ಪದಲ್ಲಿಟ್ಟರು. ಅವಳು ಸಿದ್ದಲಿಂಗಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, “ನನ್ನ ಬುಡ್ಬೇಡ ಕಣೆ, ನನ್ನ ಬುಡ್ಬೇಡ” ಎನ್ನುತ್ತಲೇ ಇದ್ದಳು. ಎಂದೂ ಅವಳ ಮನೆಯ ಪಡಸಾಲೆ ದಾಟದ ಸಿದ್ದಲಿಂಗಮ್ಮ ಅವಳನ್ನು ಎರಡೂ ತೋಳಿನಲ್ಲಿ ತಬ್ಬಿ ಕೂತಳು. ಭಾರಕ್ಕೆ ತೆಪ್ಪ ಒಂದು ಗೇಣು ತಗ್ಗಿತು. ನಡುಹೊಳೆಯಲ್ಲಿ ಒಂದು ದಿಮ್ಮಿ ಬಂದು ಬಡಿದಾಗ ನೀರು ಒಳಗೆ ಚೆಲ್ಲಿತು. ಶಿವಣ್ಣ ಬೊಗಸೆಯಲ್ಲಿ ಮೊಗೆದು ಹಾಕಿದ. ದಡ ಬಂದಾಗ ಸಿದ್ದಲಿಂಗಮ್ಮನಿಗೆ ಬೆರಳು ಬಿಡಿಸಲು ಆಗಲಿಲ್ಲ. ತಿಮ್ಮರಾಜು ಒಂದೊಂದೇ ಬೆರಳು ಬಿದಿರಿನಿಂದ ಬಿಡಿಸಿದ.

ದಿಣ್ಣೆ ಹತ್ತುವ ಹೊತ್ತಿಗೆ ಮಧ್ಯಾಹ್ನ. ಶಾಲೆಯ ಮೈದಾನದಲ್ಲಿ ಊರಿಗೆ ಊರೇ ಕೂತಿತ್ತು. ಕಟ್ಟಡದೊಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ, ಮೇಷ್ಟರು ಮಕ್ಕಳನ್ನೂ ಬಯಲಲ್ಲೇ ಕೂರಿಸಿದ್ದರು. ಎಲ್ಲರ ಕಣ್ಣೂ ಕೆಳಗಿನ ಹೊಳೆಯ ಮೇಲೆ. ನೀರು ಮೇಲಿನ ಬಾಗಿನಿಂದ ಬರಬೇಕು. ಬಂದರೆ ಮೊದಲು ಗಡ್ಡೆ ಮುಳುಗುತ್ತದೆ, ಆಮೇಲೆ ಮಾಯಮ್ಮನ ಮನೆ, ಆಮೇಲೆ ಬೀದಿ ಬೀದಿಯಾಗಿ. ಪ್ರತಿಯೊಬ್ಬರೂ ತಮ್ಮ ಮನೆಯ ಸೂರನ್ನೇ ದಿಟ್ಟಿಸುತ್ತಿದ್ದರು. ಮೋಡದ ನೆರಳೊಂದು ಹೊಳೆಯ ಮೇಲೆ ಸರಿದಾಗ ಒಬ್ಬ ಹೆಂಗಸು “ಬಂತು” ಅಂದಳು. ಮೈದಾನವೆಲ್ಲ ಎದ್ದು ನಿಂತಿತು. ನೆರಳೆಂದು ತಿಳಿದ ಮೇಲೂ ಬಹಳ ಹೊತ್ತು ಯಾರೂ ಕೂರಲಿಲ್ಲ.

ಸಿದ್ದಲಿಂಗಮ್ಮ ನೆನೆದ ಸೀರೆಯಲ್ಲೇ ಹೊಂಗೆ ಮರಕ್ಕೆ ಒರಗಿ ಕೂತಿದ್ದಳು. ಭೂಮಿ ಅದುರುತ್ತಿದೆಯೋ ತನ್ನ ಮೈ ಅದುರುತ್ತಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಮೇಘನ ಎಲ್ಲಿಂದಲೋ ಒಂದು ಲೋಟ ನೀರು ತಂದಳು. ಸಿದ್ದಲಿಂಗಮ್ಮ ಲೋಟವನ್ನು ನೆಲದ ಮೇಲಿಟ್ಟು, ನೀರು ಅಲುಗುತ್ತದೆಯೇ ಎಂದು ನೋಡುತ್ತಾ ಕೂತಳು. ಕುಡಿಯಲಿಲ್ಲ.

ಎರಡು ಗಂಟೆ ದಾಟಿದ ಮೇಲೆ ಪವಿತ್ರ ಸ್ಕೂಟಿಯಲ್ಲಿ ಬಂದರು. ಹೆಲ್ಮೆಟ್ಟು ತೆಗೆಯುವ ಮೊದಲೇ ಜನ ಸುತ್ತುವರಿದರು.

“ಕಟ್ಟೆಗೆ ಏನೂ ಆಗಿಲ್ಲ. ಇಂಜಿನಿಯರುಗಳು ಉದ್ದಕ್ಕೂ ನಡೆದು ನೋಡಿದ್ದಾರೆ. ಫೋನಲ್ಲಿ ಬಂದಿದ್ದು ಸುಳ್ಳು. ಭೂಕಂಪ ಆಗಿದ್ದು ನಿಜ, ಸಣ್ಣದು. ಸಂಜೆ ಬಿಡೋ ನೀರು ಮಾತ್ರ ಬಿಡ್ತಾರೆ, ನಿನ್ನೆ ಹೇಳಿದ್ದೆವಲ್ಲ, ಅದು.”

ಮೈದಾನದಲ್ಲಿ ಒಂದು ದೊಡ್ಡ ಉಸಿರು ಬಿಟ್ಟಂತಾಯಿತು. ಕೆಲವರು ಅತ್ತರು. ಕೆಲವರಿಗೆ ಸಿಟ್ಟು ಬಂತು. ಬೆಳಿಗ್ಗೆ ಜಗಲಿಯಿಂದ ಗದರಿದವನು, “ಇವಳ ಕೂಗು ಕೇಳಿ ಅರ್ಧ ದಿನದ ಕೆಲ್ಸ ಕೆಡ್ತು, ಎಮ್ಮೆ ಎಲ್ಗೋ ಓಗದೆ” ಎಂದು ಎಲ್ಲರಿಗೂ ಕೇಳುವಂತೆ ಅಂದ.

“ಅವಳು ದಿಟ ಅಂತ ಎಲ್ಲಿ ಯೋಳುದ್ಲು? ಗೊತ್ತಿಲ್ಲ ಅಂತ್ಲೇ ಅಲ್ವಾ ಕೂಗಿದ್ದು” ಎಂದಳು ಮೇಘನ.

ಶಿವಣ್ಣ ಹೊಳೆಯನ್ನೇ ನೋಡುತ್ತಿದ್ದ. ಗಡ್ಡೆಯ ಅಂಚಿನಲ್ಲಿ ಮಣ್ಣು ಕುಸಿದ ಜಾಗ ದಿಣ್ಣೆಯಿಂದ ಕೆಂಪಗೆ ಕಾಣುತ್ತಿತ್ತು. ಚಿಕ್ಕಬೋರಮ್ಮ ಮಾತ್ರ ಸಿದ್ದಲಿಂಗಮ್ಮನ ಸೆರಗನ್ನು ಇನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲೇ ಕೂತು ಮಂಡಿ ಉಜ್ಜಿಕೊಳ್ಳುತ್ತಾ, “ಇವತ್ತು ನಮ್ಮನೇಲಿ ಉಣ್ಣು ಬಾ” ಎಂದಳು. ಸಿದ್ದಲಿಂಗಮ್ಮ ಲೋಟದ ನೀರನ್ನೇ ನೋಡುತ್ತಾ ತಲೆಯಲ್ಲಾಡಿಸಿ ಬೇಡವೆಂದಳು.

ಊರು ಒಂದು ವಾರದಲ್ಲಿ ಮರೆಯಿತು. ಜಾರಿದ ಹೆಂಚು ಜೋಡಿಸಿದರು, ತಪ್ಪಿಸಿಕೊಂಡ ಎಮ್ಮೆ ಸಿಕ್ಕಿತು. ಸಿದ್ದಲಿಂಗಮ್ಮನ ಮೈ ಮರೆಯಲಿಲ್ಲ. ಹೆದ್ದಾರಿಯಲ್ಲಿ ಲಾರಿ ಹೋದರೆ ಅವಳು ಕಂಬ ಹಿಡಿಯುತ್ತಿದ್ದಳು. ಒಲೆಯ ಮೇಲೆ ಅನ್ನ ಕುದಿದು ಮುಚ್ಚಳ ಟಕಟಕ ಅಂದರೆ ಹೊರಗೆ ಓಡುತ್ತಿದ್ದಳು. ಮಗಳು ಬಂದು ನಾಗಮಂಗಲಕ್ಕೆ ಕರೆದುಕೊಂಡು ಹೋಗಿ ಹದಿನೈದು ದಿನ ಇಟ್ಟುಕೊಂಡಳು. ಅಲ್ಲಿ ಹೊಳೆಯಿಲ್ಲ, ಆದರೂ ಅವಳು ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. “ಎದ್ರಿಕೆಗೆ ಮಾತ್ರೆ ಇರ್ತದಾ?” ಎಂದು ಅವಳು ಮಗಳನ್ನು ಕೇಳಿದಳು. ನುಂಗಿದಳು. ಸ್ವಲ್ಪ ಕಡಿಮೆಯಾಯಿತು. ಕೆಲಸಕ್ಕೆ ವಾಪಸು ಬಂದಳು. ಮತ್ತೆ ನೋಟೀಸು ಹಂಚಿದಳು, ಟೇಪು ಹಿಡಿದಳು.

ಮಾರನೇ ವರ್ಷ ಬೇಸಿಗೆಯಲ್ಲಿ ಪಾಂಡವಪುರದಲ್ಲಿ ಸುತ್ತಲಿನ ತಾಲ್ಲೂಕುಗಳ ಗ್ರಾಮ ಸಹಾಯಕರಿಗೆ ಒಂದು ದಿನದ ತರಬೇತಿ ಇತ್ತು. ನೆರೆ, ಬೆಂಕಿ, ಭೂಕಂಪ ಬಂದರೆ ಏನು ಮಾಡಬೇಕು ಎಂದು ಹೇಳಿಕೊಡುತ್ತಿದ್ದರು. ಪವಿತ್ರ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಊಟದ ಮೊದಲು ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಎಲ್ಲೋ ಒಂದು ಕಡಲ ತೀರದ ಊರು. ನೆಲ ಅದುರಿದ ಮೇಲೆ ಕಡಲು ಹಿಂದೆ ಸರಿದು ಮೈಲಿಗಟ್ಟಲೆ ಮರಳು ಬಯಲಾಗಿದೆ. ಮಕ್ಕಳು ಮೀನು ಹೆಕ್ಕಲು ಆ ಮರಳಿಗೆ ಇಳಿದಿದ್ದಾರೆ. ದೂರದ ಬೆಟ್ಟದ ಮೇಲೆ ಸೈರನ್ನು ಕೂಗುತ್ತಿದೆ. ಜನ ಬೆಟ್ಟದ ಕಡೆಗೆ ಓಡುತ್ತಿದ್ದಾರೆ. ಒಬ್ಬ ಹೆಂಗಸು ಮಾತ್ರ ಕೈ ಎತ್ತಿ ಏನೋ ಕೂಗುತ್ತಾ ಕಡಲಿನ ಕಡೆಗೆ, ಆ ಮಕ್ಕಳ ಕಡೆಗೆ ಓಡುತ್ತಿದ್ದಾಳೆ. ಅವಳ ಹಿಂದೆ ಬಹು ದೂರದಲ್ಲಿ ಒಂದು ಬಿಳಿ ಗೆರೆ.

ಚಿತ್ರ ಅಲ್ಲಿಗೆ ನಿಂತಿತು. ಅಧಿಕಾರಿ ಮುಂದಿನ ಪಾಠಕ್ಕೆ ಹೋದರು.

ಸಿದ್ದಲಿಂಗಮ್ಮ ಎದ್ದು ಹೊರಗೆ ಬಂದಳು. ಬೇವಿನ ಮರದ ಕೆಳಗೆ ಬೈಕುಗಳ ನಡುವೆ ನಿಂತಳು. ಹಿಂದೆಯೇ ಬಂದ ಪವಿತ್ರ ಅವಳ ಭುಜ ಮುಟ್ಟಿ ನೋಡಿದರು.

“ಯಾಕ್ ಸಿದ್ದಲಿಂಗಮ್ಮ? ತಲೆ ಸುತ್ತುತ್ತಾ?”

“ಇಲ್ಲ ಮೇಡಮ್ಮೋರೆ.” ಬೇವಿನ ಕಾಂಡಕ್ಕೆ ಕೈ ಊರಿ ಕೇಳಿದಳು: “ಆ ಎಂಗ್ಸು ಉಳ್ಕಂಡ್ಲಾ?”

“ಯಾರು?”

“ಐಕಳ್ನ ಕರಿಯಕೆ ಓಡೋದ್ಲಲ್ಲ, ಅವ್ಳು.”

ಪವಿತ್ರ ಸಭಾಂಗಣದ ಕಡೆಗೊಮ್ಮೆ ತಿರುಗಿ ನೋಡಿದರು. “ವಿಡಿಯೋ ಅಷ್ಟೇ ಇರೋದು, ಸಿದ್ದಲಿಂಗಮ್ಮ.”

ಒಳಗಿನಿಂದ ಊಟಕ್ಕೆ ಕರೆದರು. ಪವಿತ್ರ ಹೋಗಿ ಎರಡು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಹಾಕಿಸಿಕೊಂಡು ಹೊರಗೇ ತಂದರು. ಇಬ್ಬರೂ ಬೇವಿನ ಮರದ ಕಟ್ಟೆಯ ಮೇಲೆ ಕೂತು ಉಂಡರು.